ರೈಲು ಹತ್ತದ ಆಟಗಾರ: ಒರೆಗನ್ ಸ್ಟೇಟ್ ಕಾಲೇಜಿನ 1941ರ ಋತು



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಒಂದು ಕಾಲೇಜು ತಂಡದ ಒಂದೇ ಒಂದು ಋತುವನ್ನು. ಕಾಲೇಜು ಅಮೆರಿಕದ ಪಶ್ಚಿಮ ಕರಾವಳಿಯ ಒರೆಗನ್ ರಾಜ್ಯದ್ದು. ಊರು ಕೊರ್ವಾಲಿಸ್. ವರ್ಷ 1941. ಆಟ ಅಮೆರಿಕನ್ ಫುಟ್‌ಬಾಲ್. ಸೆಪ್ಟೆಂಬರ್‌ನಲ್ಲಿ ಸೋಲಿನಿಂದ ಶುರುವಾದ ಆ ಋತು ಹೊಸ ವರ್ಷದ ಮೊದಲ ದಿನ ದೇಶದ ಇನ್ನೊಂದು ಅಂಚಿನಲ್ಲಿ ಗೆಲುವಿನೊಂದಿಗೆ ಮುಗಿಯಿತು. ನಡುವೆ ಪರ್ಲ್ ಹಾರ್ಬರ್ ಬಂತು, ಯುದ್ಧ ಬಂತು. ಈ ಕಥೆಯನ್ನು ಅಮೆರಿಕದವರು ಧೈರ್ಯದ ಕಥೆಯೆಂದು ಹೇಳಿಕೊಂಡು ಬಂದಿದ್ದಾರೆ: ಯುದ್ಧಕ್ಕೆ ಹೆದರದೆ ಆಟವಾಡಿದ ಹುಡುಗರು, ಆಡಿ ಮುಗಿಸಿ ರಣರಂಗಕ್ಕೆ ನಡೆದ ಹುಡುಗರು. ಆ ಧೈರ್ಯ ಸುಳ್ಳಲ್ಲ, ಅದನ್ನು ಕಿರಿದು ಮಾಡುವ ಉದ್ದೇಶವೂ ನನಗಿಲ್ಲ. ಆದರೆ ಆ ಋತುವಿನ ಬೆಲೆ ಕಟ್ಟಲು ಅಂಕಪಟ್ಟಿಯೊಂದೇ ಸಾಲದು, ಡಿಸೆಂಬರ್‌ನಲ್ಲಿ ಕೊರ್ವಾಲಿಸ್ ಬಿಟ್ಟ ರೈಲಿನಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂಬುದನ್ನೂ ನೋಡಬೇಕು ಎಂಬುದು ನನ್ನ ವಾದ.

ಮೊದಲು ಆಟದ ಬಗ್ಗೆ ಎರಡು ಮಾತು. ನಾವು ಇಲ್ಲಿ ಕಾಲಿನಿಂದ ಒದ್ದು ಆಡುವ ಫುಟ್‌ಬಾಲ್‌ಗೂ ಇದಕ್ಕೂ ಹೆಚ್ಚಿನ ಸಂಬಂಧವಿಲ್ಲ. ನೂರು ಗಜದ ಮೈದಾನ, ಎರಡೂ ಕಡೆ ಹನ್ನೊಂದು ಹನ್ನೊಂದು ಮಂದಿ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡಬಹುದು, ಮುಂದಕ್ಕೆ ಎಸೆಯಬಹುದು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಮೈದಾನದ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಅದರ ಬೆನ್ನಿಗೇ ಚೆಂಡನ್ನು ಒದ್ದು ಕಂಬಗಳ ನಡುವೆ ಹಾಯಿಸಿದರೆ ಇನ್ನೊಂದು. ಚೆಂಡು ಹಿಡಿದವನನ್ನು ಅವನದೇ ಗೆರೆಯ ಹಿಂದೆ ಕೆಡವಿದರೆ ಕೆಡವಿದವರಿಗೆ ಎರಡು. ಆ ಕಾಲದಲ್ಲಿ ದಾಳಿಗೂ ರಕ್ಷಣೆಗೂ ಬಹುಮಟ್ಟಿಗೆ ಅವೇ ಹನ್ನೊಂದು ಮಂದಿ ನಿಲ್ಲುತ್ತಿದ್ದರು. ಮೈ ಗಟ್ಟಿಯಿಲ್ಲದವರ ಆಟವಲ್ಲ ಅದು. 1933ರಲ್ಲಿ ಇದೇ ಒರೆಗನ್ ಸ್ಟೇಟ್ ಒಬ್ಬ ಆಟಗಾರನನ್ನೂ ಬದಲಿಸದೆ, ಹನ್ನೊಂದೇ ಮಂದಿಯನ್ನು ಇಡೀ ಪಂದ್ಯಕ್ಕೆ ನಿಲ್ಲಿಸಿ, ಆಗ ಸೋಲೆಂಬುದನ್ನೇ ಮರೆತಿದ್ದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವನ್ನು 0–0 ಎಂದು ತಡೆದಿತ್ತು. ಅಂದಿನ ತರಬೇತುದಾರ ಲಾನ್ ಸ್ಟೈನರ್. 1941ರಲ್ಲೂ ಅವರೇ ಇದ್ದರು.

ಆ ವರ್ಷ ಅವರ ತಂಡದ ಮೇಲೆ ಯಾರೂ ದೊಡ್ಡ ನಿರೀಕ್ಷೆ ಇಟ್ಟಿರಲಿಲ್ಲ. ಮೊದಲ ಪಂದ್ಯದಲ್ಲೇ ಸದರ್ನ್ ಕ್ಯಾಲಿಫೋರ್ನಿಯಾದ ಎದುರು 13–7ರಿಂದ ಸೋತರು. ಮುಂದೆ ವಾಷಿಂಗ್ಟನ್ ಅನ್ನು 9–6ರಿಂದ ಗೆದ್ದರು. ಹಿಂದಿನ ವರ್ಷ ಅಜೇಯವಾಗಿ ಉಳಿದಿದ್ದ ಸ್ಟ್ಯಾನ್‌ಫರ್ಡ್‌ಗೆ ಒಂದು ಅಂಕವನ್ನೂ ಕೊಡದೆ 10–0ರಿಂದ ಮಣಿಸಿದರು. ವಾಷಿಂಗ್ಟನ್ ಸ್ಟೇಟ್ ಎದುರು ಮತ್ತೆ ಸೋಲು. ಆ ಸೋಲಿನ ನಂತರ ಐಡಾಹೋ, ಯುಸಿಎಲ್‌ಎ, ಕ್ಯಾಲಿಫೋರ್ನಿಯಾ, ಮೊಂಟಾನಾ ಈ ನಾಲ್ಕು ತಂಡಗಳಲ್ಲಿ ಒಂದೂ ಅವರ ಮೇಲೆ ಅಂಕ ಗಳಿಸಲಿಲ್ಲ. ಕಡೆಗೆ ನವೆಂಬರ್ 29ರಂದು ನೆರೆಯ ಬದ್ಧ ಎದುರಾಳಿ ಒರೆಗನ್ ವಿಶ್ವವಿದ್ಯಾಲಯವನ್ನು ಅದರ ನೆಲದಲ್ಲೇ 12–7ರಿಂದ ಸೋಲಿಸಿ ಪೆಸಿಫಿಕ್ ಕರಾವಳಿ ಕೂಟದ ಚಾಂಪಿಯನ್ ಆದರು. ಒಟ್ಟು ಏಳು ಗೆಲುವು, ಎರಡು ಸೋಲು. ಅಂಕಗಳು ಕಡಿಮೆ, ಅಬ್ಬರ ಕಡಿಮೆ, ಬಿಟ್ಟುಕೊಟ್ಟಿದ್ದು ಇನ್ನೂ ಕಡಿಮೆ. ಕೃಷಿ, ಅರಣ್ಯ, ಎಂಜಿನಿಯರಿಂಗ್ ಕಲಿಸುವ ಸರ್ಕಾರಿ ಕಾಲೇಜಿನ ಹುಡುಗರಿಗೆ ಒಪ್ಪುವ ಆಟ ಅದು ಎನ್ನಿಸುತ್ತದೆ ನನಗೆ.

ಕರಾವಳಿ ಕೂಟದ ಚಾಂಪಿಯನ್ನರಿಗೆ ಆಗ ಸಿಗುತ್ತಿದ್ದ ಗೌರವ ರೋಸ್ ಬೌಲ್. ಕ್ಯಾಲಿಫೋರ್ನಿಯಾದ ಪಾಸಡೀನಾ ಊರಿನಲ್ಲಿ 1890ರಿಂದ ಹೊಸ ವರ್ಷದ ದಿನ ಹೂವಿನ ತೇರುಗಳ ಮೆರವಣಿಗೆ ನಡೆಯುತ್ತದೆ. 1916ರಿಂದ ಪ್ರತಿ ವರ್ಷ ಆ ಹಬ್ಬದ ಜೊತೆಗೆ ಫುಟ್‌ಬಾಲ್ ಪಂದ್ಯವೂ ಇತ್ತು. ಪಶ್ಚಿಮದ ಚಾಂಪಿಯನ್ನರು ದೇಶದ ಬೇರೆ ಭಾಗದ ಬಲಿಷ್ಠ ತಂಡವೊಂದನ್ನು ಎದುರಿಸುತ್ತಿದ್ದರು. ಒರೆಗನ್ ಸ್ಟೇಟ್‌ಗೆ ಇದು ಮೊದಲ ರೋಸ್ ಬೌಲ್. ಎದುರಾಳಿಯಾಗಿ ಬಂದದ್ದು ಉತ್ತರ ಕರೋಲಿನಾದ ಡರ್ಹಂ ಊರಿನ ಡ್ಯೂಕ್ ವಿಶ್ವವಿದ್ಯಾಲಯ. ಡ್ಯೂಕ್ ಒಂಬತ್ತಕ್ಕೆ ಒಂಬತ್ತೂ ಗೆದ್ದಿತ್ತು. ಗಳಿಸಿದ್ದು 311 ಅಂಕ, ಬಿಟ್ಟುಕೊಟ್ಟಿದ್ದು 41. ತರಬೇತುದಾರ ವ್ಯಾಲೇಸ್ ವೇಡ್ 1916ರಲ್ಲಿ ಆಟಗಾರನಾಗಿ, ಆಮೇಲೆ ಅಲಬಾಮಾ ತಂಡದ ಗುರುವಾಗಿ ರೋಸ್ ಬೌಲ್ ಕಂಡವರು. 1938ರಲ್ಲಿ ಅವರ ಡ್ಯೂಕ್ ತಂಡ ಇಡೀ ಋತುವಿನಲ್ಲಿ ಎದುರಾಳಿಗೆ ಒಂದು ಅಂಕವನ್ನೂ ಕೊಡದೆ ಪಾಸಡೀನಾಕ್ಕೆ ಬಂದು, ಕೊನೆಯ ನಿಮಿಷದಲ್ಲಿ 7–3ರಿಂದ ಸೋತಿತ್ತು. ಆ ನೋವನ್ನು ತೀರಿಸಿಕೊಳ್ಳಲು ಈಗ ಮತ್ತೊಂದು ಅವಕಾಶ.

ಡ್ಯೂಕ್‌ಗೆ ಆಹ್ವಾನ ಹೋಗಿ ಒಂದು ವಾರ ಕಳೆಯುವಷ್ಟರಲ್ಲಿ, ಡಿಸೆಂಬರ್ 7ರ ಭಾನುವಾರ, ಜಪಾನಿನ ವಿಮಾನಗಳು ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಸುರಿದವು. ಪಶ್ಚಿಮ ಕರಾವಳಿಯ ರಕ್ಷಣೆಯ ಹೊಣೆ ಹೊತ್ತಿದ್ದ ಜನರಲ್ ಜಾನ್ ಡೆವಿಟ್, ತೊಂಬತ್ತು ಸಾವಿರ ಜನ ಒಂದೇ ಕಡೆ ಸೇರುವ ಪಂದ್ಯವೂ ಬೇಡ, ಮೆರವಣಿಗೆಯೂ ಬೇಡ ಎಂದು ಕ್ಯಾಲಿಫೋರ್ನಿಯಾ ಸರ್ಕಾರವನ್ನು ಕೇಳಿಕೊಂಡರು. ಆ ಭಯಕ್ಕೆ ಆಧಾರವಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಅದೇ ತಿಂಗಳು ಜಪಾನಿನ ಸಬ್‌ಮರೀನ್‌ಗಳು ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ಎಮಿಡಿಯೊ, ಮಾಂಟೆಬೆಲ್ಲೊ ಎಂಬ ಎಣ್ಣೆ ಹಡಗುಗಳ ಮೇಲೆ ದಾಳಿ ಮಾಡಿದವು. ರಾತ್ರಿ ದೀಪ ಹಚ್ಚಲು ಜನ ಹೆದರುತ್ತಿದ್ದ ಕಾಲ.

ಪಂದ್ಯ ರದ್ದಾಯಿತು ಎಂದು ಎಲ್ಲರೂ ಅಂದುಕೊಂಡಾಗ ವೇಡ್ ನಮ್ಮ ಊರಿನಲ್ಲೇ ಆಡೋಣ ಬನ್ನಿ ಎಂದು ಕರೆದರು. ಡ್ಯೂಕ್‌ನ ಕ್ರೀಡಾಂಗಣ 1929ರಲ್ಲಿ ಆರಂಭವಾದದ್ದು. ಸುಮಾರು 35,000 ಮಂದಿಗೆ ಜಾಗ. ನೆರೆಯ ಉತ್ತರ ಕರೋಲಿನಾ ವಿಶ್ವವಿದ್ಯಾಲಯದಿಂದಲೂ ನಾರ್ತ್ ಕರೋಲಿನಾ ಸ್ಟೇಟ್ ಕಾಲೇಜಿನಿಂದಲೂ ಮರದ ಮೆಟ್ಟಿಲು ಆಸನಗಳನ್ನು ಎರವಲು ತಂದು ಜೋಡಿಸಿದರು. ಎರಡೂ ಡ್ಯೂಕ್‌ನ ಪರಂಪರಾಗತ ಎದುರಾಳಿ ಕಾಲೇಜುಗಳು. ಟಿಕೆಟುಗಳು ಕೆಲವೇ ದಿನಗಳಲ್ಲಿ ಖಾಲಿಯಾದವು. ಪಂದ್ಯದ ದಿನ ಬಂದ ಜನ 56,000. ಎರಡೇ ವಾರದಲ್ಲಿ ಇಷ್ಟೆಲ್ಲ ಸಾಧ್ಯವಾಯಿತು. ಒಂದು ಮಹಾ ಪಂದ್ಯವನ್ನು ಒಂದು ಸಾಗರದ ದಡದಿಂದ ಇನ್ನೊಂದು ಸಾಗರದ ಕಡೆಗೆ ಎತ್ತಿಟ್ಟರು. ಮನಸ್ಸು ಮಾಡಿದರೆ ಆ ಸಮಾಜಕ್ಕೆ ಎಷ್ಟು ದೊಡ್ಡ ಕೆಲಸವನ್ನು ಎಷ್ಟು ಬೇಗ ಮಾಡುವ ಶಕ್ತಿಯಿತ್ತು ಎಂಬುದನ್ನು ಇಲ್ಲಿ ಗಮನಿಸಿ. ಮುಂದಿನ ಮಾತಿಗೆ ಇದು ಬೇಕಾಗುತ್ತದೆ.

ಒರೆಗನ್ ಸ್ಟೇಟ್ ತಂಡದಲ್ಲಿ ಜ್ಯಾಕ್ ಯೋಶಿಹಾರಾ ಎಂಬ ಎರಡನೆಯ ವರ್ಷದ ವಿದ್ಯಾರ್ಥಿಯಿದ್ದ. ಹುಟ್ಟಿದ್ದು ಜಪಾನಿನಲ್ಲಿ. ಮೂರು ವರ್ಷದ ಮಗುವಾಗಿದ್ದಾಗ ತಾಯಿಯ ಜೊತೆ ಅಮೆರಿಕಕ್ಕೆ ಬಂದವನು. ಬೆಳೆದದ್ದು, ಓದಿದ್ದು ಒರೆಗನ್‌ನ ಪೋರ್ಟ್‌ಲೆಂಡ್ ನಗರದಲ್ಲಿ. ಆ ವರ್ಷದ ತಂಡದ ಚಿತ್ರದಲ್ಲಿ ಅವನೂ ಇದ್ದಾನೆ. ಪರ್ಲ್ ಹಾರ್ಬರ್ ಆದ ಕೆಲವೇ ದಿನಗಳಲ್ಲಿ ಎಫ್‌ಬಿಐ ಅಧಿಕಾರಿಗಳು ಅಭ್ಯಾಸದ ಮೈದಾನಕ್ಕೇ ಬಂದು ಅವನನ್ನು ಪಕ್ಕಕ್ಕೆ ಕರೆದರು. ಜಪಾನೀಯರು ಮನೆಯಿಂದ 35 ಮೈಲಿಗಿಂತ ದೂರ ಹೋಗುವಂತಿಲ್ಲ ಎಂಬ ಹೊಸ ನಿರ್ಬಂಧ ಜಾರಿಗೆ ಬಂದಿತ್ತು. ಡರ್ಹಂ ಇದ್ದದ್ದು ಹೆಚ್ಚುಕಡಿಮೆ ಮೂರು ಸಾವಿರ ಮೈಲಿ ದೂರ. ತಂಡ ರೈಲು ಹತ್ತಿತು. ಯೋಶಿಹಾರಾ ಊರಲ್ಲೇ ಉಳಿದ.

ಅಮೆರಿಕದ ಪ್ರಜೆಯಾಗಿದ್ದರೆ ಅವನ ಪಾಡು ಬೇರೆಯಾಗುತ್ತಿತ್ತೆ ಎಂದು ಕೇಳಬಹುದು. ಅವನಿಗೆ ಪ್ರಜೆಯಾಗುವ ದಾರಿಯೇ ಇರಲಿಲ್ಲ. ಜಪಾನಿನಲ್ಲಿ ಹುಟ್ಟಿದವರು ಅಮೆರಿಕದ ಪೌರರಾಗಲು ಅರ್ಹರಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1922ರಲ್ಲಿ ಒಜಾವಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಮರುವರ್ಷ ಇದೇ ತರ್ಕವನ್ನು ನಮ್ಮವರ ಮೇಲೂ ಹೇರಿತು. ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು, ಇದೇ ಒರೆಗನ್‌ನ ನ್ಯಾಯಾಲಯದಿಂದ ಪೌರತ್ವ ಪಡೆದಿದ್ದರು. 1923ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯರೂ ಅನರ್ಹರು ಎಂದಿತು. ನಮ್ಮವರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ, ಜಪಾನೀಯರಿಗೆ 1952ರಲ್ಲಿ. ಹಾಗಾಗಿ ಯೋಶಿಹಾರಾನ ಸಂಗತಿಯನ್ನು ಬೇರೆ ಯಾರದೋ ಕಥೆಯೆಂದು ನಾವು ದೂರ ನಿಂತು ಕೇಳುವಂತಿಲ್ಲ. ಮೂರು ವರ್ಷದವನಿದ್ದಾಗಿನಿಂದ ಬಾಳಿದ ದೇಶದಲ್ಲಿ ಪೌರನಾಗಲು ಬಿಡದ ಕಾನೂನೇ, ಪೌರನಲ್ಲ ಎಂಬ ಕಾರಣ ಕೊಟ್ಟು ಅವನನ್ನು ಶತ್ರು ದೇಶದ ಪ್ರಜೆಯೆಂದು ಎಣಿಸಿತು.

ಯುದ್ಧಕಾಲದಲ್ಲಿ ಹಾಗೆಲ್ಲ ವಿನಾಯಿತಿ ಕೊಡಲು ಆಗುತ್ತದೆಯೇ ಎಂದು ಕೇಳುವವರಿಗೆ ನಾನು ಅದೇ ತಿಂಗಳುಗಳ ಇನ್ನೊಂದು ಸಂಗತಿಯನ್ನು ಮುಂದಿಡುತ್ತೇನೆ. ಅದೂ ಒಂದು ಕಾಲೇಜು ಫುಟ್‌ಬಾಲ್ ಮೈದಾನಕ್ಕೇ ಸೇರಿದ್ದು. ಷಿಕಾಗೊ ವಿಶ್ವವಿದ್ಯಾಲಯ ಒಂದು ಕಾಲಕ್ಕೆ ಫುಟ್‌ಬಾಲ್‌ನಲ್ಲಿ ದೊಡ್ಡ ಹೆಸರು. 1939ರ ಋತುವಿನ ನಂತರ ದೊಡ್ಡ ಮಟ್ಟದ ಆಟವನ್ನೇ ಕೈಬಿಟ್ಟಿತು. ಅದರ ಸ್ಟ್ಯಾಗ್ ಫೀಲ್ಡ್ ಕ್ರೀಡಾಂಗಣ ಖಾಲಿ ಬಿದ್ದಿತ್ತು. ಅಲ್ಲಿನ ಪಶ್ಚಿಮ ಗ್ಯಾಲರಿಯ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಪ್ರಪಂಚದ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆಯನ್ನು ಸಾಧಿಸಿದರು. ಫರ್ಮಿ ಇಟಲಿಯವರು. 1941ರ ಕೊನೆಗೆ ಅವರು ಅಮೆರಿಕಕ್ಕೆ ಬಂದು ಮೂರೇ ವರ್ಷವಾಗಿತ್ತು. ಇಟಲಿಯೊಂದಿಗೆ ಯುದ್ಧ ಶುರುವಾದ ದಿನದಿಂದ ಅವರೂ ಶತ್ರು ದೇಶದ ಪ್ರಜೆಯೇ. ನ್ಯೂಯಾರ್ಕ್‌ನಿಂದ ಷಿಕಾಗೊಗೆ ಹೋಗಿ ಬರಲು ಪ್ರತಿ ಸಲವೂ ಅನುಮತಿ ಪತ್ರ ಪಡೆಯಬೇಕಿತ್ತು. ಪ್ರತಿ ಸಲವೂ ಅದು ಸಿಕ್ಕಿತು. 1942ರ ಅಕ್ಟೋಬರ್‌ನಲ್ಲಿ ಇಟಲಿಯವರೆಲ್ಲರ ಮೇಲಿನ ಆ ಹಣೆಪಟ್ಟಿಯನ್ನೇ ಸರ್ಕಾರ ತೆಗೆದುಹಾಕಿತು. ಪರಮಾಣು ವಿಜ್ಞಾನಿಯನ್ನೂ ಫುಟ್‌ಬಾಲ್ ಆಡುವ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದು ನಾನು ಹೇಳುತ್ತಿಲ್ಲ. ನಿಯಮದೊಳಗೆ ಅನುಮತಿಗೆ ಜಾಗವಿತ್ತು, ಅದನ್ನು ಬಳಸಲು ಸರ್ಕಾರಕ್ಕೆ ಗೊತ್ತಿತ್ತು ಎಂಬುದಷ್ಟೇ ನನ್ನ ಮಾತು. ದೇಶದ ಅತ್ಯಂತ ದೊಡ್ಡ ರಹಸ್ಯವನ್ನು ಒಬ್ಬ ಶತ್ರು ಪ್ರಜೆಯ ಕೈಗೆ ಒಪ್ಪಿಸಿದವರಿಗೆ, ತನ್ನ ಇಡೀ ತಂಡದ ನಡುವೆ, ತರಬೇತುದಾರನ ಕಣ್ಣೆದುರಿಗೆ ಕೂತು ಹೋಗಬೇಕಿದ್ದ ವಿದ್ಯಾರ್ಥಿಯಿಂದ ಏನು ಅಪಾಯವಿತ್ತು?

ಪಂದ್ಯದ ಕಥೆಗೆ ಬರೋಣ. ಜನವರಿ 1ರಂದು ಡರ್ಹಂನಲ್ಲಿ ಚಳಿ, ಜಿನುಗು ಮಳೆ, ನೆಂದು ಜಾರುವ ನೆಲ. ಎಲ್ಲರ ಲೆಕ್ಕದಲ್ಲೂ ಡ್ಯೂಕ್ ಗೆಲ್ಲಬೇಕಿತ್ತು. ಮೊದಲ ಕಾಲಾವಧಿಯಲ್ಲೇ ಡಾನ್ ಡರ್ಡನ್ 15 ಗಜ ಓಡಿ ಟಚ್‌ಡೌನ್ ಗಳಿಸಿದ. ಡ್ಯೂಕ್‌ನ ಸ್ಟೀವ್ ಲ್ಯಾಕ್ ಅದನ್ನು ಸರಿಗಟ್ಟಿದ. ವಿರಾಮಕ್ಕೆ 7–7. ಪಂದ್ಯದ ಜೀವ ಇರುವುದು ಮೂರನೆಯ ಅವಧಿಯಲ್ಲಿ. ಬಾಬ್ ಡೆಥ್‌ಮನ್ ಎಸೆದ ಚೆಂಡನ್ನು ಜಾರ್ಜ್ ಝೆಲ್ಲಿಕ್ ಹಿಡಿದು ಗೆರೆ ದಾಟಿಸಿದ, 14–7. ಡ್ಯೂಕ್‌ನ ವಿನ್‌ಸ್ಟನ್ ಸೀಗ್‌ಫ್ರೀಡ್ ಕೊನೆಯ ಗಜವನ್ನು ನುಗ್ಗಿ ದಾಟಿದ, 14–14. ಆಗ ಡೆಥ್‌ಮನ್ ಮತ್ತೊಮ್ಮೆ ಎಸೆದ. ಜೀನ್ ಗ್ರೇ ಚೆಂಡು ಹಿಡಿದು ತನ್ನ ಮೇಲೆ ಬಿದ್ದ ರಕ್ಷಕನನ್ನು ತಪ್ಪಿಸಿ ಓಡಿದ. ಎಸೆತ, ಓಟ ಎರಡೂ ಸೇರಿ 68 ಗಜ. ಹೆಚ್ಚುವರಿ ಅಂಕದ ಒದೆ ತಪ್ಪಿತು, 20–14. ಕೊನೆಯ ಅವಧಿಯಲ್ಲಿ ಡ್ಯೂಕ್‌ನವರು ಡರ್ಡನ್‌ನನ್ನು ಅವನದೇ ಗೆರೆಯ ಹಿಂದೆ ಕೆಡವಿ ಎರಡು ಅಂಕ ಗಿಟ್ಟಿಸಿದರು. ಅಲ್ಲಿಗೆ ನಿಂತಿತು: 20–16. ಡ್ಯೂಕ್ ಏಳು ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿತ್ತು. ಪಂದ್ಯದ ಶ್ರೇಷ್ಠ ಆಟಗಾರ ಎಂಬ ಗೌರವ ಡರ್ಡನ್ ಪಾಲಾಯಿತು. ಒರೆಗನ್ ಸ್ಟೇಟ್ ಈ ತನಕ ಗೆದ್ದಿರುವ ರೋಸ್ ಬೌಲ್ ಇದೊಂದೇ.

ಪಂದ್ಯ ನಡೆದ ಊರಿನ ಬಗ್ಗೆಯೂ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಅಂದಿನ ಡರ್ಹಂನಲ್ಲಿ ಜನರ ನಡುವೆ ಬಣ್ಣದ ಗೋಡೆಯಿತ್ತು. ಬಸ್ಸಿನ ಸೀಟಿನಿಂದ ಶಾಲೆಯ ಬೆಂಚಿನವರೆಗೆ ಕಪ್ಪು ಜನರಿಗೆ ಬೇರೆ, ಬಿಳಿಯರಿಗೆ ಬೇರೆ. ಡ್ಯೂಕ್ ತನ್ನ ಪದವಿ ತರಗತಿಗಳಿಗೆ ಮೊದಲ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡದ್ದು 1963ರಲ್ಲಿ. ಅದೇ ಊರಿನಲ್ಲಿ ಕಪ್ಪು ವಿದ್ಯಾರ್ಥಿಗಳ ಇನ್ನೊಂದು ಕಾಲೇಜಿತ್ತು. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಗುರು ಜಾನ್ ಮೆಕ್‌ಲೆಂಡನ್, ಆ ಆಟವನ್ನು ಕಂಡುಹಿಡಿದ ನೇಯ್‌ಸ್ಮಿತ್ ಅವರಲ್ಲೇ ಕಲಿತವರು. 1944ರ ಮಾರ್ಚ್ 12, ಭಾನುವಾರ. ಊರೆಲ್ಲ ಚರ್ಚಿನಲ್ಲಿದ್ದ ಹೊತ್ತು. ಮೆಕ್‌ಲೆಂಡನ್ ತಮ್ಮ ವ್ಯಾಯಾಮಶಾಲೆಯ ಬಾಗಿಲು ಹಾಕಿಸಿ, ಡ್ಯೂಕ್ ವೈದ್ಯಕೀಯ ಕಾಲೇಜಿನ ಬಿಳಿಯ ಹುಡುಗರ ತಂಡದ ಜೊತೆ ಗುಟ್ಟಾಗಿ ಪಂದ್ಯ ಆಡಿಸಿದರು. ಕಪ್ಪು ಹುಡುಗರು 88–44ರಿಂದ ಗೆದ್ದರು. ಆಮೇಲೆ ಎರಡೂ ತಂಡಗಳನ್ನು ಕಲಸಿ ಇನ್ನೊಂದು ಆಟ ಆಡಿದರು. ಈ ಸಂಗತಿ ದಶಕಗಳ ಕಾಲ ಹೊರಗೆ ಬರಲಿಲ್ಲ. ರೋಸ್ ಬೌಲ್‌ಗೆ 56,000 ಜನ ಸೇರಿ ಎರಡು ವರ್ಷದ ಮೇಲೆ, ಅದೇ ಊರಿನಲ್ಲಿ, ಪ್ರೇಕ್ಷಕರೇ ಇಲ್ಲದೆ ನಡೆದ ಆ ಪಂದ್ಯವನ್ನು ನಾನು ಯುದ್ಧಕಾಲದ ಕಾಲೇಜು ಕ್ರೀಡೆಯ ದೊಡ್ಡ ಘಟನೆಯೆಂದೇ ಎಣಿಸುತ್ತೇನೆ. ಕಾನೂನು ಕೂಡಬೇಡಿ ಎಂದ ಹುಡುಗರು ತಾವಾಗಿಯೇ ಕೂಡಿದ್ದರು.

ರೋಸ್ ಬೌಲ್ ಆದ ಕೆಲವೇ ತಿಂಗಳಲ್ಲಿ ಎರಡೂ ತಂಡಗಳು ಚದುರಿದವು. ವೇಡ್ ತಮ್ಮ ಐವತ್ತರ ಹತ್ತಿರದ ವಯಸ್ಸಿನಲ್ಲಿ ಸೈನ್ಯ ಸೇರಿ, ಫಿರಂಗಿ ದಳವೊಂದರ ಮುಖ್ಯಸ್ಥರಾಗಿ ಯುರೋಪಿನಲ್ಲಿ ಯುದ್ಧ ಮಾಡಿದರು. ಡ್ಯೂಕ್‌ನ ಬಾಬ್ ನ್ಯಾನಿ ಇವೊ ಜಿಮಾದಲ್ಲಿ, ಆಲ್ ಹೂವರ್ ಪೆಲೆಲಿಯು ದ್ವೀಪದಲ್ಲಿ ಪ್ರಾಣ ಬಿಟ್ಟರು. ಅದೇ ತಂಡದ ವಾಲ್ಟರ್ ಗ್ರಿಫಿತ್, ಒರೆಗನ್ ಸ್ಟೇಟ್‌ನ ಎವರೆಟ್ ಸ್ಮಿತ್ ಕೂಡ ಮರಳಿ ಬರಲಿಲ್ಲ. ಒರೆಗನ್ ಸ್ಟೇಟ್ 1943 ಮತ್ತು 1944ರಲ್ಲಿ ತಂಡವನ್ನೇ ಕಟ್ಟಲಿಲ್ಲ, ಆಡಬೇಕಾದವರು ಸಮವಸ್ತ್ರದಲ್ಲಿದ್ದರು. ಡ್ಯೂಕ್ ಆಟ ಮುಂದುವರಿಸಿದ್ದಕ್ಕೆ ಕಾರಣ ನೌಕಾಪಡೆ. ಅಧಿಕಾರಿಗಳನ್ನು ತಯಾರಿಸಲು ಅದು 131 ಕಾಲೇಜುಗಳಲ್ಲಿ ವಿ-12 ಎಂಬ ತರಬೇತಿ ಯೋಜನೆ ನಡೆಸುತ್ತಿತ್ತು, ಅದರ ಹುಡುಗರಿಗೆ ಕಾಲೇಜು ತಂಡದಲ್ಲಿ ಆಡಲು ಅನುಮತಿಯಿತ್ತು. ಭೂಸೇನೆ ತನ್ನ ತರಬೇತಿಯ ಹುಡುಗರಿಗೆ ಆ ಅವಕಾಶ ಕೊಡಲಿಲ್ಲ. ಹೀಗಾಗಿ ಆ ವರ್ಷಗಳಲ್ಲಿ ಯಾವ ಕಾಲೇಜಿನ ತಂಡ ಬಲಿಷ್ಠ ಎಂಬುದನ್ನು ಬಹುಪಾಲು ತೀರ್ಮಾನಿಸಿದ್ದು ಸೇನಾ ಇಲಾಖೆಗಳ ನಿಯಮ.

ಆ ಪಂದ್ಯದ ಸುತ್ತ ಹೆಚ್ಚಾಗಿ ಹೇಳುವ ಕಥೆಯೊಂದಿದೆ. ಡ್ಯೂಕ್‌ನ ಚಾರ್ಲ್ಸ್ ಹೇನ್ಸ್, ಒರೆಗನ್ ಸ್ಟೇಟ್‌ನ ಫ್ರ್ಯಾಂಕ್ ಪಾರ್ಕರ್ ಇಬ್ಬರೂ 1944ರಲ್ಲಿ ಇಟಲಿಯ ರಣರಂಗದಲ್ಲಿದ್ದರು. ಹೇನ್ಸ್ ಒಂದು ಗುಡ್ಡದ ಮೇಲಿನ ದಾಳಿಯಲ್ಲಿ ಗುಂಡೇಟು ತಿಂದು ಗಂಟೆಗಟ್ಟಲೆ ಬಿದ್ದಿದ್ದ. ಬದುಕುವ ಆಸೆ ಬಿಟ್ಟಿದ್ದ. ಅವನನ್ನು ಹುಡುಕಿ ಗುಡ್ಡದಿಂದ ಇಳಿಸಿ ತಂದವರಲ್ಲಿ ಪಾರ್ಕರ್ ಒಬ್ಬ. ಎರಡು ವರ್ಷದ ಕೆಳಗೆ ಡರ್ಹಂನ ಮೈದಾನದಲ್ಲಿ ಎದುರು ಬದುರಿದ್ದ ತಂಡದವರು ಅವರು. ಈ ಕಥೆಯನ್ನು ನಾನು ಮೆಚ್ಚಿ ಹೇಳುತ್ತೇನೆ. ಅದೇ ವರ್ಷದ ಬೇಸಿಗೆಯಲ್ಲಿ, ಅದೇ ಇಟಲಿಯ ಬೆಟ್ಟಗಳಲ್ಲಿ ಬೆಳಗಾವಿಯನ್ನು ತವರಾಗಿಸಿಕೊಂಡ ಮರಾಠಾ ಲೈಟ್ ಇನ್‌ಫ್ಯಾಂಟ್ರಿಯ ಪಡೆಗಳೂ ಹೋರಾಡುತ್ತಿದ್ದವು; ಯಶವಂತ ಘಾಡ್ಗೆ ಅವರಿಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ತಂದ ಕಾಳಗ 1944ರ ಜುಲೈ 10ರದು. ಅಲ್ಲೇ, ಆರ್ನೊ ನದಿಯ ದಡದವರೆಗೂ, ಅಮೆರಿಕದ 442ನೇ ರೆಜಿಮೆಂಟ್ ಕೂಡ ಕಾದಾಡಿತು. ಅದರ ಸೈನಿಕರು ಜಪಾನ್ ಮೂಲದ ಅಮೆರಿಕನ್ನರು. ಅವರಲ್ಲಿ ಹಲವರ ತಂದೆತಾಯಿ ಆ ಹೊತ್ತಿನಲ್ಲಿ ತಮ್ಮ ದೇಶದಲ್ಲೇ ಮುಳ್ಳುತಂತಿಯ ಬೇಲಿಯೊಳಗಿದ್ದರು.

ಆ ಬೇಲಿಯೊಳಗೆ ಯೋಶಿಹಾರಾನೂ ಹೋಗಿದ್ದ. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಪಾಸಡೀನಾದ ಪಂದ್ಯ ಬೇಡ ಎಂದ ಅದೇ ಜನರಲ್ ಡೆವಿಟ್ ಈಗ ಕರಾವಳಿಯಿಂದ ಜಪಾನ್ ಮೂಲದವರನ್ನೆಲ್ಲ ತೆರವು ಮಾಡಿಸಿದರು. ಸುಮಾರು 1,20,000 ಜನ. ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪೌರರು. ಪಾಸಡೀನಾದ ಪಕ್ಕದ ಸಾಂಟಾ ಅನಿತಾ ಕುದುರೆ ಜೂಜಿನ ಮೈದಾನದಲ್ಲಿ 18,000ಕ್ಕೂ ಹೆಚ್ಚು ಮಂದಿಯನ್ನು ತುಂಬಿದರು. ಹಲವು ಕುಟುಂಬಗಳಿಗೆ ಸಿಕ್ಕಿದ ಮನೆ ಕುದುರೆ ಲಾಯ. ಜನರ ಜಮಾವಣೆ ಅಪಾಯಕಾರಿ ಎಂದು ಹೂವಿನ ಹಬ್ಬ ನಿಂತ ಜಾಗದ ಮಗ್ಗುಲಲ್ಲೇ ಇದು ನಡೆಯಿತು. ಪೋರ್ಟ್‌ಲೆಂಡ್‌ನ ಜಪಾನೀಯರನ್ನು ಕೂಡಿಹಾಕಿದ್ದು ದನಗಳ ಪ್ರದರ್ಶನದ ಮಂಟಪದಲ್ಲಿ, ಮೂರೂವರೆ ಸಾವಿರಕ್ಕೂ ಹೆಚ್ಚು ಜನ. ನೆಲಕ್ಕೆ ಹಲಗೆ ಹಾಸಿದ್ದರೂ ಸಗಣಿಯ ವಾಸನೆ ಹೋಗಿರಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಅವರನ್ನು ಐಡಾಹೋ ರಾಜ್ಯದ ಒಣ ಬಯಲಿನ ಮಿನಿಡೋಕಾ ಶಿಬಿರಕ್ಕೆ ಸಾಗಿಸಿದರು. ಅಲ್ಲಿದ್ದವರ ಸಂಖ್ಯೆ ಒಂಬತ್ತು ಸಾವಿರ ದಾಟಿತು. ರೋಸ್ ಬೌಲ್ ಗೆದ್ದ ತಂಡದ ಸದಸ್ಯ ಆ ಒಂಬತ್ತು ಸಾವಿರದಲ್ಲಿ ಒಬ್ಬ.

ಇಂಥ ಶಿಬಿರಗಳಲ್ಲೂ ಹುಡುಗರು ಫುಟ್‌ಬಾಲ್ ಬಿಡಲಿಲ್ಲ. ವಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರದ ಹೈಸ್ಕೂಲು ತಂಡ 1943, 1944ರ ಎರಡು ಋತುಗಳಲ್ಲಿ ಸುತ್ತಲಿನ ಊರುಗಳ ಶಾಲೆಗಳೊಂದಿಗೆ ಆಡಿ, ಒಂದೇ ಒಂದು ಪಂದ್ಯ ಸೋತಿತು. ಅಪ್ಪಟ ಅಮೆರಿಕದ ಆಟವನ್ನು ಅಮೆರಿಕನ್ನರಲ್ಲ ಎನಿಸಿಕೊಂಡವರ ಮಕ್ಕಳು ಕಾವಲುಗೋಪುರದ ನೆರಳಿನಲ್ಲಿ ಆಡುತ್ತಿದ್ದರು. ಅವರ ನಿಷ್ಠೆಯ ಬಗ್ಗೆ ಅನುಮಾನವಿದ್ದವರು ಒಂದು ಪಂದ್ಯ ನೋಡಿದ್ದರೆ ಸಾಕಿತ್ತು.

ಯೋಶಿಹಾರಾಗೆ ಆದದ್ದರಲ್ಲಿ ಅವನ ಕಾಲೇಜಿಗೆ ಎಷ್ಟು ಹೊಣೆ? ಆದೇಶ ಸೈನ್ಯದ್ದು, ಪೊಲೀಸರದ್ದು. ಕಾಲೇಜು ಏನು ಮಾಡಲು ಸಾಧ್ಯವಿತ್ತು ಎಂದು ಕೇಳುವುದು ಸಹಜ. ನನ್ನ ಉತ್ತರ ನೇರವಾಗಿದೆ. ಕಾಲೇಜು ತಂಡ ಎಂದರೆ ಶನಿವಾರ ಕ್ರೀಡಾಂಗಣ ತುಂಬಿಸುವ ಹನ್ನೊಂದು ಮಂದಿಯಷ್ಟೇ ಅಲ್ಲ. ಅವರು ವಿದ್ಯಾರ್ಥಿಗಳು, ಅವರ ತಂದೆತಾಯಿ ಸಂಸ್ಥೆಯ ವಶಕ್ಕೆ ಒಪ್ಪಿಸಿದ ಮಕ್ಕಳು. ಪಂದ್ಯ ಉಳಿಸಿಕೊಳ್ಳಲು ಎರಡು ರಾಜ್ಯಗಳ ಕಾಲೇಜುಗಳು ಎರಡು ವಾರದಲ್ಲಿ ಒಂದಾದವು. ಆ ಶಕ್ತಿಯಲ್ಲಿ ಒಂದು ಪಾಲು ಆ ಒಬ್ಬ ಹುಡುಗನಿಗಾಗಿ ಖರ್ಚಾಗಲಿಲ್ಲ. ಪಶ್ಚಿಮ ಕರಾವಳಿಯ ಕೆಲವು ವಿಶ್ವವಿದ್ಯಾಲಯಗಳ ಮುಖ್ಯಸ್ಥರು, ಕ್ವೇಕರ್ ಸಮುದಾಯದ ಸೇವಾ ಸಂಘಟನೆಯವರು ಸೇರಿ 1942ರಿಂದ ಶಿಬಿರಗಳಲ್ಲಿದ್ದ ಸಾವಿರಾರು ವಿದ್ಯಾರ್ಥಿಗಳನ್ನು ದೇಶದ ಒಳಭಾಗದ ಕಾಲೇಜುಗಳಿಗೆ ಸೇರಿಸಿದರು. ಅವರ ಕೆಲಸಕ್ಕೂ ಯುದ್ಧದ ನಿಯಮಗಳು ಅಡ್ಡ ಬಂದವು. ಅವರು ಅನುಮತಿ ಪತ್ರಗಳಿಗೆ ಅರ್ಜಿ ಹಾಕುತ್ತ, ಒಬ್ಬೊಬ್ಬ ವಿದ್ಯಾರ್ಥಿಯ ಹೆಸರು ಹಿಡಿದು ಬರೆಯುತ್ತ ಹೋದರು. ಆದ್ದರಿಂದ ಅಂದು ಯಾರಿಗೂ ಏನೂ ತೋಚಲಿಲ್ಲ ಎಂಬ ಸಮಾಧಾನವನ್ನು ನಾನು ಒಪ್ಪಲಾರೆ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಯೋಶಿಹಾರಾಗೆ ರೋಸ್ ಬೌಲ್ ಉಂಗುರ ಕೊಟ್ಟದ್ದು 1980ರ ದಶಕದಲ್ಲಿ. 1988ರಲ್ಲಿ ಅಮೆರಿಕ ಸರ್ಕಾರ ಕಾನೂನಿನ ಮೂಲಕ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬ ಸಂತ್ರಸ್ತರಿಗೂ 20,000 ಡಾಲರ್ ಪರಿಹಾರ ಕೊಟ್ಟಿತು. ಯುದ್ಧದಿಂದ ಓದು ನಿಂತ ಜಪಾನ್ ಮೂಲದವರಿಗೆ ಗೌರವ ಪದವಿ ಕೊಡಲು ಒರೆಗನ್ ಶಾಸನಸಭೆ 2007ರಲ್ಲಿ ದಾರಿ ಮಾಡಿತು. 2008ರ ಜೂನ್‌ನಲ್ಲಿ ಒರೆಗನ್ ಸ್ಟೇಟ್, ಈಗ ವಿಶ್ವವಿದ್ಯಾಲಯ, 42 ಮಂದಿಗೆ ಆ ಪದವಿಗಳನ್ನು ಪ್ರದಾನ ಮಾಡಿತು. ಅವರಲ್ಲಿ ಯೋಶಿಹಾರಾ ಒಬ್ಬರು. ಮರುವರ್ಷ ಅವರು ತೀರಿಕೊಂಡರು. 2021ರ ಜನವರಿಯಲ್ಲಿ ಕೋವಿಡ್ ಕಾರಣದಿಂದ ರೋಸ್ ಬೌಲ್ ಎರಡನೆಯ ಸಲ ಪಾಸಡೀನಾ ಬಿಟ್ಟು ಟೆಕ್ಸಸ್‌ಗೆ ಹೋದಾಗ, ಡರ್ಹಂನ ಪಂದ್ಯ ಮತ್ತೆ ಸುದ್ದಿಯಾಯಿತು.

ಆ 42ರ ಸಂಖ್ಯೆಯ ಮೇಲೆ ನಿಮ್ಮ ಗಮನ ಸೆಳೆದು ಮುಗಿಸುತ್ತೇನೆ. ಯೋಶಿಹಾರಾ ಅವರ ಹೆಸರು ನಮ್ಮವರೆಗೆ ತಲುಪಿದ್ದು ಅವರು ಒಂದು ಪ್ರಸಿದ್ಧ ಪಂದ್ಯದ ಪಕ್ಕದಲ್ಲಿ ನಿಂತಿದ್ದರಿಂದ. ಉಳಿದ 41 ಮಂದಿಗೆ ಅಂಥ ಪಂದ್ಯವಿರಲಿಲ್ಲ. ಅವರು ಕೃಷಿ, ವಿಜ್ಞಾನ, ಎಂಜಿನಿಯರಿಂಗ್ ತರಗತಿಗಳಲ್ಲಿ ಕೂತಿದ್ದವರು. 1942ರ ವಸಂತದಲ್ಲಿ ಪುಸ್ತಕ ಮಡಿಸಿ ಹೊರಟವರು. ಒರೆಗನ್ ಸ್ಟೇಟ್‌ನ ಆ ಋತುವಿನ ಇತಿಹಾಸವನ್ನು ಮುಂದೆ ಬರೆಯುವವರು ತಂಡದ ಚಿತ್ರದಿಂದ ಶುರು ಮಾಡಿ, ಆ ತರಗತಿಗಳ ಹಾಜರಿ ಪುಸ್ತಕಗಳವರೆಗೂ ಹೋಗಬೇಕೆಂದು ನಾನು ಬಯಸುತ್ತೇನೆ. ನಿಮ್ಮಲ್ಲಿ ಇತಿಹಾಸದ ಸಂಶೋಧನೆ ಮಾಡುವ ವಿದ್ಯಾರ್ಥಿಗಳು ನಮ್ಮ ಕಾಲೇಜುಗಳ ಕ್ರೀಡೆಯ ಬಗ್ಗೆ ಬರೆಯುವಾಗಲೂ ಗೆದ್ದ ಫಲಕಗಳ ಜೊತೆಗೆ ಹಾಜರಿ ಪುಸ್ತಕಗಳನ್ನೂ ತೆರೆದು ನೋಡಿ.